ಡಾಕ್ಟರಮ್ಮನಿಗೆ ತೋರಿಸದ ಕಾಲು

ತಿಂಥಣಿಯ ಬಸ್ಸಮ್ಮ ಭತ್ತದ ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳು. ಅಂದು ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದಳು. ಪಾದದ ಕೀಲು ಎಷ್ಟು ಬಾತಿತೆಂದರೆ, ಬೆಳ್ಳಿಯ ಕಾಲ್ಗಡಗವನ್ನು ಗಂಡ ಬಸವಂತ್ರಾಯ ಕತ್ತರಿಸಿಯೇ ತೆಗೆಯಬೇಕಾಯಿತು.

ಆರೋಗ್ಯ ಉಪಕೇಂದ್ರದ ಶಿವರಂಜನಿ ಸಿಸ್ಟರ್ ಅವರಿಬ್ಬರನ್ನೂ ಕರೆಸಿ, ದೂರದ ಎಲುಬಿನ ಡಾಕ್ಟರಮ್ಮನಿಗೆ ವಿಡಿಯೋ ಕರೆ ಹಚ್ಚಿದಳು.

“ಫೋನಿನ್ಯಾಗಿನ ಡಾಕ್ಟರು ಎಲುಬು ಹೆಂಗ ಮುಟ್ಟತಾರ? ಟೀವಿಯೊಳಗಿನ ಹೋಳಿಗಿ ತಿಂದಂಗಾತು,” ಬಸವಂತ್ರಾಯ ನಕ್ಕ.

“ನೋಡಿ ಹೇಳ್ತಾರ ಕಾಕಾ. ಎಕ್ಸ್‌ರೇ ಬೇಕಂದ್ರ ಎಲ್ಲಿಗಿ ಹೋಗಬೇಕಂತ ಚೀಟಿ ಕೊಡ್ತಾರ. ಸುಮ್ನ ಅಲದಾಡೂದು ತಪ್ಪತದ.”

ಪರದೆಯ ಮೇಲೆ ಡಾಕ್ಟರಮ್ಮನ ಮುಖ ಮೂಡಿತು. “ಎರಡೂ ಕಾಲು ತೋರಸ್ರಿ ಅಮ್ಮ.”

ಬಸ್ಸಮ್ಮ ಗಾಬರಿಯಾದಳು. ದೊಡ್ಡವರ ಕಡೆ ಕಾಲು ಚಾಚಬಾರದೆಂದು ಅವ್ವನಿಂದ ಬೈಸಿಕೊಂಡು ಬೆಳೆದವಳು ಅವಳು. ಓದಿದವಳ ಮುಖಕ್ಕೇ ಕೆಸರುಗಾಲು ಹಿಡಿಯುವುದೇ? ಸೀರೆಯ ಅಂಚು ಎಳೆದು ಮುಚ್ಚಿಕೊಂಡಳು.

“ಬ್ಯಾನಿ ಏನಿಲ್ರಿ. ಉಳಕೇದ, ಅಷ್ಟ.”

“ಸುಳ್ಳು ಯಾಕ ಹೇಳ್ತಿ ಕಾಕಿ? ತೋರಸ್ ಬೇ!” ಸಿಸ್ಟರ್ ಗದರಿದಳು.

“ಆಕಿ ಮಾರಿಗಿ ಕಾಲು ತೋರಸಂತಿ? ನನಗೇನು ನಡತಿ ಇಲ್ಲೇನು?”

ಸಿಸ್ಟರ್ ಎಷ್ಟು ಬೇಡಿಕೊಂಡರೂ ಕೇಳದೆ, ಗಂಡನ ಹೆಗಲು ಹಿಡಿದು ಕುಂಟುತ್ತ ಮನೆಗೆ ಹೋದಳು.

ಎಲುಬು ಕಟ್ಟುವವನು ಬಂದ. ಎಣ್ಣೆ ಹಚ್ಚಿ ತಿಕ್ಕಿದ, ಬಿದಿರುಪಟ್ಟಿ ಬಿಗಿದ. ಎರಡು ತಿಂಗಳಾದ ಮೇಲೆ ಪಟ್ಟಿ ಬಿಚ್ಚಿದರೆ ಪಾದ ಹೊರಕ್ಕೆ ತಿರುಗಿ ನಿಂತಿತ್ತು.

ಈ ಸಲ ಬಸವಂತ್ರಾಯನೇ ಹೆಂಡತಿಯನ್ನು ಉಪಕೇಂದ್ರಕ್ಕೆ ಎತ್ತಿಕೊಂಡು ಬಂದ. ಅವಳ ಹಿಮ್ಮಡಿಯನ್ನು ತನ್ನ ಅಂಗೈಯಲ್ಲಿಟ್ಟು ಕ್ಯಾಮೆರಾಕ್ಕೆ ಹಿಡಿದ. ಡಾಕ್ಟರಮ್ಮ ಹೇಳಿದ ಕಡೆ ಎಕ್ಸ್‌ರೇಯೂ ಆಯಿತು. ಅದನ್ನು ನೋಡಿ ಆಕೆ ಪರದೆಯ ಮೇಲಿಂದಲೇ ಹೇಳಿದಳು.

“ಎಲುಬು ಮುರದಿತ್ತು ಅಮ್ಮ. ಅವತ್ತ ನೋಡಿದ್ರ ಸರಿ ಕೂಡಸಬಹುದಿತ್ತು. ಈಗ ಸೊಟ್ಟ ಕೂಡೇದ. ಆಪರೇಷನ್ ಮಾಡಿದ್ರ ಬ್ಯಾನಿ ಕಡಿಮಿ ಆಗಬಹುದು.”

“ಮತ್ತ ಕೆಸರಿನ್ಯಾಗ ನಿಂತು ಸಸಿ ಹಚ್ಚತೀನೇನ್ರಿ?”

“ಸುಳ್ಳು ಹೇಳೂದಿಲ್ಲ. ಕಷ್ಟ ಅದ.”

ಬಸ್ಸಮ್ಮ ಅಳಲಿಲ್ಲ. “ನಾ ಮುಂದ ನಿಂತ್ರ ಹದಿನೆಂಟು ಹೆಣ್ಮಕ್ಕಳು ಸಾಲು ಹಿಡೀತಿದ್ರು,” ಎಂದಳು, ಯಾರಿಗೂ ಅಲ್ಲದಂತೆ.

ಬಸವಂತ್ರಾಯನ ನಗು ಎಂದೋ ಸತ್ತಿತ್ತು. “ಆಪರೇಷನ್ನಿಗಿ ಯಾವತ್ತ ಹೋಗಬೇಕು, ಬರಕೊಡು ತಂಗಿ,” ಎಂದು ಸಿಸ್ಟರಿಗೆ ಹೇಳಿದ. “ಆಮ್ಯಾಲಿಂದೂ ಇಲ್ಲೇ ಬಂದು ತೋರಸ್ತೀವಿ.”

ಅಕ್ಕಂದಿರೇ, ಅಣ್ಣಂದಿರೇ, ಎಲುಬಿನ ಡಾಕ್ಟರು ನಮ್ಮ ಊರುಗಳ ಹತ್ತಿರ ಸಿಗದಿರುವುದು ಬಸ್ಸಮ್ಮನ ತಪ್ಪಲ್ಲ. ಯಾಕಿಲ್ಲ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಜಗಳವಾಡಿ ಕೇಳಿ. ಆದರೆ ಮುರಿದ ಎಲುಬು ಗ್ರಾಮಸಭೆ ಸೇರುವ ತನಕ ಕಾಯುವುದಿಲ್ಲ. ಕಾಲು ಉಳುಕಿ ಬಾತರೆ ತಿಕ್ಕಬೇಡಿ, ಬಿಗಿಯಬೇಡಿ, ಊರಿ ನಡೆಯಬೇಡಿ. ಅಂದೇ ಉಪಕೇಂದ್ರಕ್ಕೆ ಹೋಗಿ ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸಿ. ನೋಯುವ ಕಾಲನ್ನೂ ನೋಯದ ಕಾಲನ್ನೂ ಬೆಳಕಿಗೆ ಹಿಡಿಯಿರಿ, ನೋವೆಷ್ಟೆಂದು ಇದ್ದದ್ದು ಇದ್ದಂತೆ ಹೇಳಿ. ಪಾದ ಸೊಟ್ಟಗಾಗಿದ್ದರೆ, ಬೆರಳು ತಣ್ಣಗಾಗಿ ನೀಲಿಗಟ್ಟಿದ್ದರೆ, ಗಾಯದಲ್ಲಿ ಎಲುಬು ಕಂಡರೆ ವಿಡಿಯೋಗೂ ಕಾಯಬೇಡಿ. ೧೦೮ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೋಗಿ. ದುಡಿದು ಉಣ್ಣುವ ನಮಗೆ ನಡೆಯುವುದೇ ಬದುಕು. ಅದನ್ನು ಸಂಕೋಚಕ್ಕೆ ಬಿಟ್ಟುಕೊಡಬೇಡಿ.