ನಾಯಕಿಯ ಹೆಜ್ಜೆ ಸದ್ದು

ಎಡಗಾಲು ಇನ್ನೂ ಚಪ್ಪಲಿಯೊಳಗೆ ಇಳಿದಿರಲಿಲ್ಲ, ಅಷ್ಟರಲ್ಲಿ ಯಾರೋ ದೀಪ ಹಾಕಿಬಿಟ್ಟರು.

ಅವನು ಒಂಟಿಕಾಲಲ್ಲಿ ನಿಂತಿದ್ದ. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ಬಲಗಾಲಲ್ಲಿ ಮೂರು ಇಂಚು ಹಿಮ್ಮಡಿಯ ಕೆಂಪು ಚಪ್ಪಲಿ. ಮೂಗಿನ ಕೆಳಗೆ ದಪ್ಪ ಮೀಸೆ.

"ಇವರೇನಾ?" ಬಾಗಿಲಲ್ಲಿ ನಿಂತ ನಿರ್ದೇಶಕಿ ಕೇಳಿದಳು.

"ಇವರೇ ಮೇಡಂ, ಹೆಜ್ಜೆ ಮೇಷ್ಟ್ರು," ಎಂದ ಸ್ಟುಡಿಯೋದ ಗಾಜಿನಾಚೆಯಿಂದ ರೆಕಾರ್ಡಿಸ್ಟ್. "ಇಪ್ಪತ್ತು ವರ್ಷದಿಂದ ನಮ್ಮ ನಾಯಕಿಯರೆಲ್ಲ ಇವರ ಕಾಲ ಮೇಲೇ ನಿಂತಿದಾರೆ."

ತನ್ನ ಮಾತಿಗೆ ತಾನೇ ನಕ್ಕ. ನಿರ್ದೇಶಕಿ ನಗಲಿಲ್ಲ.

ಶೂಟಿಂಗಿನಲ್ಲಿ ಹೆಜ್ಜೆಯ ಸದ್ದು ನೆಟ್ಟಗೆ ಸಿಗುವುದಿಲ್ಲ. ಆಮೇಲೆ ಕತ್ತಲ ಕೋಣೆಯಲ್ಲಿ ಪರದೆ ನೋಡುತ್ತ ಯಾರಾದರೂ ನಡೆದು ಅದನ್ನು ತುಂಬಬೇಕು. ಅವನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಪಾಠ ಹೇಳಲು ಹೋಗಿ, ಮಕ್ಕಳ ಗಲಾಟೆ ತಾಳಲಾರದೆ ಗಲಾಟೆಯನ್ನೇ ಕಸುಬು ಮಾಡಿಕೊಂಡವನು. ಬರೀ ಸದ್ದಿನಲ್ಲೇ ಕುದುರೆ ಓಡಿಸುತ್ತಿದ್ದ, ಬಾಗಿಲು ಬಡಿಯುತ್ತಿದ್ದ, ಖಳನಾಯಕರ ಕೆನ್ನೆಗೆ ಬಾರಿಸುತ್ತಿದ್ದ. ಅದನ್ನೆಲ್ಲ ಯಾರು ಕಿತ್ತುಕೊಂಡರೂ ಬೇಜಾರಿರಲಿಲ್ಲ.

ನಾಯಕಿಯ ಹೆಜ್ಜೆಯೊಂದನ್ನು ಮಾತ್ರ ಬಿಡುವ ಹಾಗಿರಲಿಲ್ಲ. ಆ ಚಪ್ಪಲಿ ಹಾಕಿಕೊಳ್ಳಲು ಅವನಿಗೆ ಭೂಮಿಯ ಮೇಲೆ ಇದ್ದದ್ದು ಒಂದೇ ಜಾಗ: ಎರಡಡಿ ಚೌಕದ ಕಲ್ಲು, ಅದರ ಮುಂದೊಂದು ಮೈಕು. ಕಲ್ಲು ಬಿಟ್ಟು ಕದಲದೆ ನಡೆಯಬೇಕು. ಬಾಗಿಲ ಮೇಲೆ ಕೆಂಪು ದೀಪ ಹತ್ತಿದರೆ ಯಾರೂ ಒಳಗೆ ಬರುವಂತಿಲ್ಲ. ಆ ಹೊತ್ತಿನಲ್ಲಿ ಅವನ ಸೊಂಟ, ಭುಜ, ಕತ್ತು ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತಿದ್ದವು. ಇದಕ್ಕೆ ಅವನು ಕೆಲಸ ಎಂದು ಹೆಸರಿಟ್ಟಿದ್ದ. ಬ್ಯಾಂಕಿನಲ್ಲಿದ್ದ ಹೆಂಡತಿಗೂ ಹಾಗೇ ಹೇಳಿದ್ದ. "ನನ್ನ ಸವತಿ ಚಪ್ಪಲಿ ಸ್ಟುಡಿಯೋದಲ್ಲೇ ಇರ್ಲಿ, ಮನೆಗೆ ತರಬೇಡಿ," ಎಂದು ಅವಳು ತಮಾಷೆ ಮಾಡಿದ್ದಳು. ಅವನೂ ನಕ್ಕಿದ್ದ. ಸ್ವಲ್ಪ ಜೋರಾಗಿಯೇ ನಕ್ಕಿದ್ದ.

"ಬೇಜಾರು ಮಾಡ್ಕೋಬೇಡಿ ಸಾರ್," ಎಂದಳು ನಿರ್ದೇಶಕಿ. "ನನ್ನ ಸಿನಿಮಾ ಹೆಂಗಸರ ಬಗ್ಗೆ. ಕ್ಯಾಮೆರಾ ಹೆಂಗಸು, ಎಡಿಟರ್ ಹೆಂಗಸು. ಹೆಜ್ಜೆ ಮಾತ್ರ ಗಂಡಸಿಂದಾ?"

"ನ್ಯಾಯ," ಎಂದ. ನ್ಯಾಯವೇ. ಇಂಥ ಎಷ್ಟೋ ಲೇಖನ ಓದಿ ತಲೆದೂಗಿದವನು ಅವನು. ತಲೆದೂಗಿದ್ದು ಹೀಗೆ ಕಾಲಿಗೆ ಬಂದು ಕಚ್ಚುತ್ತದೆಂದು ಗೊತ್ತಿರಲಿಲ್ಲ.

"ನಮ್ಮ ಹುಡುಗೀನೇ ನಡೀತಾಳೆ," ಎಂದು ಅವಳು ತನ್ನ ಸಹಾಯಕಿಯನ್ನು ಮುಂದೆ ತಳ್ಳಿದಳು. ಗಿಡ್ಡ ಕೂದಲು, ಕ್ಯಾನ್ವಾಸ್ ಶೂ.

"ಮೇಡಂ, ಹುಟ್ಟಿದಾಗಿಂದ ನಾನು ಇಂಥದ್ದು ಹಾಕಿಲ್ಲ."

"ಹೆಂಗಸು ತಾನೇ ನೀನು?"

"ನಮ್ಮಮ್ಮನಿಗೂ ಅದೇ ಡೌಟು."

ಅವನು ಚಪ್ಪಲಿ ಬಿಚ್ಚಿಕೊಟ್ಟ. ತನ್ನ ಹಲ್ಲುಜ್ಜುವ ಬ್ರಶ್ಶನ್ನು ಕೊಟ್ಟಂತಾಯಿತು. ಅವಳ ಪಾದ ಅದರಲ್ಲಿ ದೋಣಿಯಲ್ಲಿ ಕೂತ ಹಾಗಿತ್ತು. ಮುಂದೆ ಹಳೇ ಪೇಪರು ತುರುಕಿದರು.

ದೃಶ್ಯ ಇಷ್ಟೇ. ನಾಯಕಿ ಗಂಡನ ಮನೆ ಬಿಟ್ಟು ಹೋಗುತ್ತಾಳೆ. ಪರದೆಯ ಮೇಲೆ ಗಂಡನ ಮುಖ ಮಾತ್ರ. ಅವಳು ಹೋದದ್ದು ಹೆಜ್ಜೆಯಿಂದಲೇ ತಿಳಿಯಬೇಕು. ಸಹಾಯಕಿ ಮೊದಲು ನಡೆದಳು. ಹೋಲಿಸಿ ನೋಡೋಣವೆಂದು ಆಮೇಲೆ ಅವನೂ ನಡೆದ.

"ಹಿಂದುಮುಂದು ಮಾಡಿ ಹಾಕಿ, ಯಾವುದು ಯಾರದು ಹೇಳಬೇಡಿ," ಎಂದು ನಿರ್ದೇಶಕಿ ಕಣ್ಣು ಮುಚ್ಚಿ ಕೂತಳು. ಮೊದಲನೆಯದು ಕೇಳಿದ ಕೂಡಲೇ ಕೈ ಅಲ್ಲಾಡಿಸಿದಳು. "ಬೇಡ. ಯಾರೋ ಬೀರು ಸಾಗಿಸ್ತಿದಾರೆ. ಗಂಡಸು ಅಂತ ಕೇಳಿದ್ರೇ ಗೊತ್ತಾಗತ್ತೆ."

ಎರಡನೆಯದು ಮುಗಿದರೂ ಕಣ್ಣು ತೆರೆಯಲಿಲ್ಲ. "ಇದು. ಇವಳು ಹೆಂಗಸು. ಬಾಗಿಲು ದಾಟೋ ಮುಂಚೆ ಒಂದು ಗಳಿಗೆ ನಿಂತ್ಲು ನೋಡಿ, ಅದು ಗಂಡಸಿಗೆ ಬರಲ್ಲ."

"ಬೀರು ಸಾಗಿಸಿದ್ದು ನಾನು ಮೇಡಂ," ಎಂದಳು ಸಹಾಯಕಿ.

ರೆಕಾರ್ಡಿಸ್ಟನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ನಿರ್ದೇಶಕಿ ಎದ್ದಳು. ಮುಖ ಕೆಂಪಾಗಿತ್ತು. "ಏನಾಗಿದೆ ನೋಡಿದ್ರಾ? ಇವರದ್ದನ್ನೇ ಕೇಳಿ ಕೇಳಿ ನನ್ನ ಕಿವಿ ಕೆಟ್ಟಿದೆ. ಹೆಂಗಸು ಅಂದ್ರೆ ಹೀಗೇ ನಡೀತಾಳೆ ಅಂತ ಒಬ್ಬ ಗಂಡಸು ಊರಿಗೆಲ್ಲ ಹೇಳಿಕೊಟ್ಟಿದಾನೆ!"

ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಓಡಾಡತೊಡಗಿದಳು. ಅವನ ಕಿವಿ ನೆಟ್ಟಗಾಯಿತು. ಅವಳ ನಡಿಗೆಯಲ್ಲಿ, ತಿರುಗುವ ಮುಂಚೆ, ಅರ್ಧ ಹೆಜ್ಜೆಯ ತಡವರಿಕೆ. ಅದನ್ನು ಅವನು ಹಾಕಿದ್ದು ಹದಿನೈದು ವರ್ಷದ ಹಿಂದೆ, ಜನ ಮುಗಿಬಿದ್ದು ನೋಡಿದ ಒಂದು ಸಿನಿಮಾಕ್ಕೆ. ಆಗ ಇವಳಿನ್ನೂ ಶಾಲೆಯ ಹುಡುಗಿ. ಎಲ್ಲೋ ಮುಂದಿನ ಸಾಲಿನಲ್ಲಿ ಕೂತು ನೋಡಿರಬೇಕು. ಅವನ ಮೇಲೆ ರೇಗುತ್ತ, ಅವನ ಕಾಲಲ್ಲೇ ಓಡಾಡುತ್ತಿದ್ದಳು.

"ಯಾರನ್ನ ನೋಡಿ ಕಲಿತ್ರಿ? ನಿಮ್ಮ ಮನೆಯವರನ್ನಾ?"

ಹೆಂಡತಿ ನಡೆದರೆ ಬ್ಯಾಂಕಿನ ಗಾಜು ಅದುರುತ್ತಿತ್ತು. ತಾಯಿ ಬರಿಗಾಲಲ್ಲೇ ಬದುಕು ಮುಗಿಸಿದ್ದಳು. ಅವನು ಯಾರನ್ನೂ ನೋಡಿರಲಿಲ್ಲ. ಮೊದಲ ದಿನ ಚಪ್ಪಲಿ ಹಾಕಿ ನಿಂತಾಗ ನಡಿಗೆ ತಾನಾಗಿಯೇ ಬಂದಿತ್ತು, ಎಷ್ಟೋ ದಿನದಿಂದ ಒಳಗೆ ಕೂತು ಕಾಯುತ್ತಿದ್ದಂತೆ. ಇದು ಕಲಿತದ್ದಲ್ಲ, ನನ್ನದೇ ಎನ್ನಬಹುದಿತ್ತು. ಬಾಯಿ ತೆರೆದ.

"ಹೀಗೇ... ಅಭ್ಯಾಸ," ಎಂದ.

ನಿರ್ದೇಶಕಿ ಓಡಾಟ ನಿಲ್ಲಿಸಿದಳು. "ಸರಿ, ನೀವೇ ಮಾಡಿ. ಆದ್ರೆ ಆ ನಿಲ್ಲೋದು ಬೇಡ. ಕಲ್ಲಿನ ಮೇಲೆ ಕುಟ್ಟೋದೂ ಬೇಡ. ಅವಳು ಮನೆ ಬಿಟ್ಟು ಹೋಗ್ತಿದಾಳೆ. ನಿಜವಾಗ್ಲೂ ಹೋಗಿ. ಬಾಗಿಲು ತೆಗೆದಿಟ್ಟಿರ್ತೀವಿ, ಮೈಕಿಗೆ ಕೇಳದೇ ಇರೋಷ್ಟು ದೂರ ಹೋಗಿ. ಸದ್ದು ಸರಿಯಾಗಿ ಬಂದ್ರೆ ಪೂರ್ತಿ ಸಿನಿಮಾ ನಿಮ್ಮದು. ಇಲ್ಲಾಂದ್ರೆ ಬೇರೆಯವರನ್ನ ಹುಡುಕ್ಕೋತೀನಿ."

"ಹೊರಗೆ ಜನ ಇರ್ತಾರೆ ಮೇಡಂ."

"ಅವಳಿಗೂ ಇರ್ತಾರೆ."

ಪರದೆಯ ಮೇಲೆ ಗಂಡನ ಮುಖ ಬಂತು. ಅವನು ಕಲ್ಲಿನಿಂದ ಇಳಿದ. ಆ ಚಪ್ಪಲಿಯಲ್ಲಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನೆಲ ಹಿಂದಕ್ಕೆ ಸರಿಯಿತು. ಕೋಣೆ ಮುಗಿಯಿತು. ಓಣಿಯಂಥ ಉದ್ದನೆಯ ಕಾರಿಡಾರು ಬಂತು. ಎದುರಿಗೆ ನೀರಿನ ಕ್ಯಾನು ಹೊತ್ತು ಬಗ್ಗಿ ಬರುತ್ತಿದ್ದವನು ಕಾಲು ಮಾತ್ರ ಕಂಡು, "ಹೋಗಿ ಮೇಡಂ," ಎಂದು ಪಿಸುಗುಟ್ಟಿ ಗೋಡೆಗೆ ಸರಿದು ದಾರಿ ಬಿಟ್ಟ. ಆಮೇಲೆ ತಲೆ ಎತ್ತಿ ಮೀಸೆ ನೋಡಿ, ಕ್ಯಾನು ಕೆಳಗಿಟ್ಟ.

ಇವನು ಮಾತಾಡುವಂತಿರಲಿಲ್ಲ. ಮೈಕು ತೆರೆದಿತ್ತು. ಆ 'ಮೇಡಂ' ಮಾತ್ರ ಬಿಸಿ ಬಿಸಿಯಾಗಿ ಎದೆಗೆ ಇಳಿಯಿತು. ಬೆನ್ನು ನೆಟ್ಟಗಾಯಿತು. ಮೆಟ್ಟಿಲು ಒಂದೊಂದೇ ಸಲೀಸಾಗಿ ಇಳಿದ. ಹೀಗೇ ಹೋಗಿಬಿಡಬಹುದು ಅನ್ನಿಸಿತು.

ಬೀದಿ ಬಾಗಿಲು ತೆರೆದೇ ಇತ್ತು. ಹೊರಗೆ ಮಟಮಟ ಮಧ್ಯಾಹ್ನ. ಎದುರಿನ ಬಸ್ ಸ್ಟಾಪಿನಲ್ಲಿ ಜನ ಸಾಲಾಗಿ ನಿಂತು ಈ ಕಡೆಗೇ ಮುಖ ಮಾಡಿದ್ದರು. ಕಟ್ ಎನ್ನಲು ಇಲ್ಲಿ ಯಾರೂ ಇರಲಿಲ್ಲ.

ನಿಲ್ಲಬೇಡಿ ಎಂದಿದ್ದಳು. ಅವನು ನಿಲ್ಲಲಿಲ್ಲ. ಹೊಸ್ತಿಲ ಈಚೆ, ಇದ್ದ ಜಾಗದಲ್ಲೇ, ನಡೆಯತೊಡಗಿದ. ಒಂದು ಹೆಜ್ಜೆಗಿಂತ ಇನ್ನೊಂದು ಮೆಲ್ಲಗೆ, ಅದಕ್ಕಿಂತ ಮತ್ತೊಂದು ಮೆಲ್ಲಗೆ. ಕಸುಬು ಕೈಬಿಡಲಿಲ್ಲ. ಮೇಲೆ ನಿರ್ದೇಶಕಿಯ ಹೆಡ್‌ಫೋನಿನಲ್ಲಿ ನಾಯಕಿ ಬೀದಿ ದಾಟಿದಳು, ತಿರುವು ದಾಟಿದಳು, ಊರನ್ನೇ ದಾಟಿ ಹೋದಳು. ಕೊನೆಗೆ ಹಿಮ್ಮಡಿ ನೆಲಕ್ಕೆ ತಾಗಿದರೂ ಸದ್ದಾಗಲಿಲ್ಲ.

ಬಾಗಿಲಲ್ಲಿ ಅವನ ಕಾಲುಗಳು ಏಳುತ್ತಲೇ ಇದ್ದವು, ಬೀಳುತ್ತಲೇ ಇದ್ದವು.