ನಾನು ಓದಿ ಹೇಳಿದ ಬಿರುದು

ನಮ್ಮ ದೊರೆ ದ್ರಗೊಸ್ಲಾವನಿಗೆ ನಲವತ್ತು ತುಂಬಿದ ಮೇಲೆ ಚಕ್ರವರ್ತಿಯಾಗುವ ಹುಚ್ಚು ಹಿಡಿಯಿತು. ಇರುವುದು ವಾರ್ದಾರ್ ಹೊಳೆಯ ಆಚೀಚೆ ಏಳು ಕೋಟೆ, ಅದರಲ್ಲಿ ಎರಡಕ್ಕೆ ಗೋಡೆಯೇ ನೆಟ್ಟಗಿಲ್ಲ. ಆದರೂ ಇನ್ನು ಮೇಲೆ ತನ್ನನ್ನು 'ತ್ಸಾರ್' ಅನ್ನಬೇಕಂತೆ.

ಅನ್ನಿಸಿಕೊಳ್ಳಲಿ, ನನಗೇನು? ಆದರೆ ತ್ಸಾರಿಗ್ರಾದ್ ಪಟ್ಟಣದಲ್ಲಿ ಕೂತ ಗ್ರೀಕರ ಚಕ್ರವರ್ತಿಯ ಲೆಕ್ಕದಲ್ಲಿ ಲೋಕಕ್ಕೆಲ್ಲ ಚಕ್ರವರ್ತಿ ಒಬ್ಬನೇ, ಅವನೇ. ಹೋದ ಸಲದ ಸಂಧಿಯಲ್ಲಿ ನಮ್ಮ ಆರು ಮನೆಗಳಿಂದ ಒಬ್ಬೊಬ್ಬ ಗಂಡುಮಗನನ್ನು ಒತ್ತೆ ಇಟ್ಟುಕೊಂಡಿದ್ದ. ದೊರೆ ಮಾತು ಮೀರಿದರೆ ಅಷ್ಟೂ ಜನರ ಕಣ್ಣು ಕೀಳಿಸುವುದಾಗಿ ಸಂಧಿಪತ್ರದಲ್ಲೇ ಬರೆಸಿದ್ದ. ದೊರೆ ತನ್ನ ಮಗನಿಗೆ ಜ್ವರ ಎಂದು ಹೇಳಿ ತಪ್ಪಿಸಿಕೊಂಡ. ನನ್ನ ಮಗ ಸ್ತಾನಿಮಿರ್ ಒತ್ತೆಯಾಳಾಗಿ ಹೋದ.

"ಬರಿ, 'ತ್ಸಾರ್ ದ್ರಗೊಸ್ಲಾವ್ ತನ್ನ ಅಣ್ಣನಾದ ಚಕ್ರವರ್ತಿಗೆ' ಅಂತ," ಎಂದ ದೊರೆ, ತನ್ನ ಪತ್ರಗಳನ್ನೆಲ್ಲ ಬರೆಯುವ ಕರಣಿಕನಾದ ನನಗೆ.

"ಒಡೆಯಾ, ಹೋದ ಪತ್ರದವರೆಗೂ ಅವರು ಅಪ್ಪ, ನೀವು ಮಗ. ಈಗ ಒಮ್ಮೆಲೇ ತಮ್ಮ ಆಗ್ಬಿಟ್ರೆ ಅವರು ಸುಮ್ನಿರ್ತಾರಾ? ನನ್ನ ಮಗ ಅಲ್ಲಿದಾನೆ."

"ನಿನ್ನೊಬ್ಬನ ಮಗನೇನೋ ಇರೋದು? ಇನ್ನೂ ಐದು ಜನ ಇಲ್ವಾ? ಅವರಪ್ಪಂದಿರು ಯಾರೂ ಅಳ್ತಾ ಇಲ್ಲ."

ಅವರಿಗೆ ಇನ್ನೂ ಹೇಳಿಯೇ ಇರಲಿಲ್ಲ, ಪುಣ್ಯಾತ್ಮ.

ಕೋಟೆಯಲ್ಲಿ ಗ್ರೀಕ್ ಬಲ್ಲವನು ನಾನೊಬ್ಬನೇ. ಚಕ್ರವರ್ತಿ ಎಂಬರ್ಥದ 'ವಸಿಲೆವ್ಸ್' ಬರೆಯಬೇಕಾದ ಕಡೆ 'ಆರ್ಖೊನ್' ಎಂದು ಬರೆದೆ. ಅಂದರೆ ಬರೀ ಪಾಳೆಯಗಾರ. 'ಅಣ್ಣ' ಇರಬೇಕಾದಲ್ಲಿ 'ಅಪ್ಪ' ಎಂದೆ. ದೊರೆ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ತಲೆದೂಗಿ, ಮುದ್ರೆ ಒತ್ತಿಸಿದ.

ಎರಡು ತಿಂಗಳಿಗೆ ಉತ್ತರ ಬಂತು. 'ಪ್ರಿಯ ಮಗನೇ, ಆರ್ಖೊನನೇ' ಎಂದಿತ್ತು. ಒತ್ತೆಯಾಳುಗಳೆಲ್ಲ ಕ್ಷೇಮ ಎಂದೂ ಇತ್ತು. ಸಭೆ ತುಂಬಿತ್ತು.

"'ಪ್ರಿಯ ತಮ್ಮನೇ, ತ್ಸಾರ್ ದ್ರಗೊಸ್ಲಾವನೇ' ಅಂತ ಬರೆದಿದಾರೆ, ಒಡೆಯಾ," ಎಂದುಬಿಟ್ಟೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನನ್ನಂಥ ಮುಠ್ಠಾಳ ಇನ್ನೊಬ್ಬನಿಲ್ಲ.

ವಾರದೊಳಗೆ ದೊರೆ ಚಿನ್ನದ ಮುದ್ರೆಯೊಂದನ್ನು ಮಾಡಿಸಿದ. ಅದರಲ್ಲಿ ಚಕ್ರವರ್ತಿಯದೇ ಕಿರೀಟ, ಅವನದೇ ನಿಲುವಂಗಿ, ಮುಖ ಮಾತ್ರ ನಮ್ಮ ದೊರೆಯದು. ಅದು ಅರ್ಥವಾಗಲು ಯಾವ ಭಾಷೆಯೂ ಬೇಡ. "ಅಣ್ಣ ಇಷ್ಟು ಪ್ರೀತಿಯಿಂದ ಒಪ್ಪಿದ ಮೇಲೆ ನಾವು ಸುಮ್ನಿದ್ರೆ ಚೆನ್ನಾಗಿರಲ್ಲ," ಎಂದು ದೂತನ ಕೈಯಲ್ಲಿ ಅದನ್ನು ತ್ಸಾರಿಗ್ರಾದಿಗೆ ಕಳಿಸಿಯೇಬಿಟ್ಟ. ನನಗೆ ತಿಳಿದದ್ದು ಮರುದಿನ.

ಓಡಿಹೋಗಿ ಕಾಲಿಗೆ ಬಿದ್ದು ಎಲ್ಲವನ್ನೂ ಹೇಳಿದೆ. "ನನ್ನ ತಲೆ ತೆಗೀರಿ ಒಡೆಯಾ, ಆದ್ರೆ ಆ ದೂತನ್ನ ವಾಪಸ್ ಕರೆಸಿ. ಕುದುರೆ ಓಡಿಸಿದ್ರೆ ಇನ್ನೂ ಸಿಗ್ತಾನೆ. ನನ್ನ ಮಗನಿಗೆ ಹತ್ತೊಂಬತ್ತು ವರ್ಷ."

ದೊರೆಯ ಮುಖ ಕೆಂಪಾಯಿತು. ಅಷ್ಟು ಜನರ ಮುಂದೆ ತ್ಸಾರ್ ಅನ್ನಿಸಿಕೊಂಡವನು ಇನ್ನು ಹಿಂದೆ ಸರಿಯುವುದುಂಟೇ?

"ಅಂದ್ರೆ ನಾನು ತ್ಸಾರ್ ಅಂತ ಆ ಚಕ್ರವರ್ತಿಗೆ ಇನ್ನೂ ಗೊತ್ತೇ ಇಲ್ಲ," ಎಂದ. "ಈಗ ಗೊತ್ತಾಗ್ಲಿ ಬಿಡು."

ಕಾವಲಿನವನು ಕತ್ತಿಗೆ ಕೈ ಹಾಕಿದ. ದೊರೆ ಅವನನ್ನು ತಡೆದ.

"ಇವನನ್ನ ಕೊಲ್ಲಬೇಡ. ಉತ್ತರ ಬಂದಾಗ ಓದಿ ಹೇಳೋಕೆ ನಮಗೆ ಬೇರೆ ಯಾರಿದಾರೆ?"