ಜ್ವರ ಅಂತ ಬರ್ಕೊಳ್ಳಿ

"ನೀರು ಕುಡಿಯೋಕೆ ಕಷ್ಟ ಆಗ್ತಿತ್ತಾ?"

ಅನಿತ ಈ ಪ್ರಶ್ನೆ ಓದಿದಾಗ, ಬಾಗಿಲ ಪಕ್ಕ ಗೋಡೆಗೊರಗಿ ಕೂತಿದ್ದ ಆದಿಲಕ್ಷ್ಮಿ ಮೊದಲ ಸಲ ತಲೆ ಎತ್ತಿದಳು.

ಅಲ್ಲಿಯವರೆಗೆ ಉತ್ತರಗಳನ್ನೆಲ್ಲ ಅವಳ ಮಾವ ಪೆದ್ದಪ್ಪನೇ ಕೊಟ್ಟಿದ್ದ. ಜ್ವರ ಇತ್ತು. ಕೆಮ್ಮಿರಲಿಲ್ಲ. ಭೇದಿ ಇರಲಿಲ್ಲ. ಬಿದ್ದು ಪೆಟ್ಟಾಗಿರಲಿಲ್ಲ. ಹಾವಾಗಲಿ ನಾಯಿಯಾಗಲಿ ಕಚ್ಚಿರಲಿಲ್ಲ. ಅವನ ಮಗ, ಆದಿಲಕ್ಷ್ಮಿಯ ಗಂಡ ನಂದೀಶ್ ಸತ್ತು ತಿಂಗಳಾಗಿತ್ತು. ಶ್ರೀನಿವಾಸಪುರದ ಕಡೆ ಮಾವಿನ ತೋಪು ಕಾಯುತ್ತಿದ್ದವನು, ಗಟ್ಟಿ ಆಳು.

ಆಸ್ಪತ್ರೆ ಸೇರದೆ ಮನೆಯಲ್ಲೇ ಸತ್ತವರು ಯಾವ ಕಾಯಿಲೆಯಿಂದ ಸತ್ತರೆಂದು ಮನೆಯವರನ್ನು ಕೇಳಿ ತಿಳಿಯುವುದು ಅನಿತಳ ಕೆಲಸ. ಜಿಲ್ಲೆಯಲ್ಲಿ ಯಾವ ರೋಗ ಎಷ್ಟು ಜನರನ್ನು ತಿನ್ನುತ್ತಿದೆಯೆಂದು ಲೆಕ್ಕ ಹಾಕುವ ಸಮೀಕ್ಷೆ ಅದು. ಫೋನಿನಲ್ಲಿ ಬರುವ ಪ್ರಶ್ನೆಗಳನ್ನು ಒಂದೊಂದಾಗಿ ಓದಬೇಕು, ಅವರು ಹೇಳಿದ್ದನ್ನು ಒತ್ತಬೇಕು. ಸಲಹೆ ಕೊಡಬಾರದು, ಸಾವಿನ ಕಾರಣವನ್ನು ತಾನಾಗಿ ಹೇಳಬಾರದು ಎಂದು ತರಬೇತಿಯಲ್ಲಿ ಒತ್ತಿ ಹೇಳಿದ್ದರು. ಅಳುವವರ ಮುಂದೆ ಕೂತು ಮುಂದಿನ ಪ್ರಶ್ನೆ ಓದುವುದು ಅವಳಿಗೆ ಈಗ ರೂಢಿಯಾಗಿತ್ತು. ರಾತ್ರಿ ಊಟ ಸೇರದಿರುವುದೂ ರೂಢಿಯಾಗಿತ್ತು.

"ಜ್ವರ ಬಂದೋನು ನೀರು ಎಲ್ಲಿ ಕುಡೀತಾನೆ ಮೇಡಮ್?" ಎಂದ ಪೆದ್ದಪ್ಪ. "ಮೆದುಳು ಜ್ವರ ಅಂತ ಡಾಕ್ಟ್ರೇ ಅಂದ್ರು. ಬೆಂಗ್ಳೂರಿಗೆ ತಗೊಂಡೋಗಿ ಅಂದ್ರು. ಎಲ್ಲಿಗಂತ ಹೋಗೋದು? ಜ್ವರ ಅಂತ ಬರ್ಕೊಳ್ಳಿ."

"ಲೋಟ ಕಂಡ್ರೆ ಆಗ್ತಿರ್ಲಿಲ್ಲ ಅಕ್ಕ," ಎಂದಳು ಆದಿಲಕ್ಷ್ಮಿ. ಬಹಳ ದಿನ ಮಾತೇ ಆಡದವರ ದನಿಯಂತಿತ್ತು. "ದಾಹ ದಾಹ ಅನ್ನೋರು. ನೀರು ತಂದ್ರೆ ಗಂಟ್ಲು ಹಿಡ್ಕೊಂಡು ಒದ್ದಾಡೋರು. ಫ್ಯಾನಿನ ಗಾಳೀನೂ ತಡೀತಿರ್ಲಿಲ್ಲ."

ಅನಿತಳ ಬೆರಳು ಫೋನಿನ ಮೇಲೆ ನಿಂತುಹೋಯಿತು. ಅವಳು ಹಿಂದಿನ ಪ್ರಶ್ನೆಗೆ ವಾಪಸು ಹೋದಳು.

"ಯಜಮಾನ್ರೇ, ಇನ್ನೊಂದ್ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಯಿ ಏನಾದ್ರೂ ಕಚ್ಚಿತ್ತಾ?"

"ಲೇದು, ಇಲ್ಲ ಅಂದ್ನಲ್ಲಮ್ಮಾ!"

"ಮರಿ ಅದು," ಎಂದಳು ಆದಿಲಕ್ಷ್ಮಿ. "ತೋಪಿಗೆ ಕಾವಲು ಇರ್ಲಿ ಅಂತ ಅವರೇ ತಂದಿದ್ರು. ಮಾವು ಹೂ ಬಿಟ್ಟಿದ್ದಾಗ. ಅನ್ನ ಹಾಕೋವಾಗ ಬೆರಳಿಗೆ ಬಾಯಿ ಹಾಕ್ತು. ಆಮೇಲೆ ಒಂದು ವಾರಕ್ಕೆ ಸತ್ತೋಯ್ತು."

"ಔಷಧಿ ಕೊಡ್ಸಿದೀನಿ ನಾನು!" ಪೆದ್ದಪ್ಪ ಎದ್ದು ನಿಂತಿದ್ದ. "ಸುಮ್ನೆ ಬಿಟ್ಟಿದ್ನಾ? ಆಸ್ಪತ್ರೆಗೆ ಹೋಗ್ತೀನಿ ಅಂದ ಅವ್ನು. ಬೇಡ ಕಣೋ, ನಮ್ಮಪ್ಪನ ಕಾಲದಿಂದ ಅಲ್ಲೇ ಹೋಗೋದು ಅಂತ ಗಡಿಯಾಚೆಗೆ ನಾಟಿ ವೈದ್ಯನ ಹತ್ರ ಕರ್ಕೊಂಡು ಹೋಗಿ ಸೊಪ್ಪಿನ ರಸ ಕುಡಿಸ್ಕೊಂಡು ಬಂದೆ. ಬದನೆಕಾಯಿ ಮುಟ್ಟಿಲ್ಲ, ಬಾಡು ಮುಟ್ಟಿಲ್ಲ, ಪಥ್ಯ ಸರಿಯಾಗಿ ಮಾಡಿದಾನೆ. ಆಮೇಲೆ ಬಂದಿದ್ದು ಜ್ವರ. ಬೇರೆ."

ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿ ನಿಂತಿತು. ಆದಿಲಕ್ಷ್ಮಿ ಬಲಗೈ ಮುಂದೆ ಚಾಚಿ ಮಣಿಕಟ್ಟನ್ನು ತಿರುಗಿಸಿ ತೋರಿಸಿದಳು. ಅಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗುರುತಿತ್ತು.

"ಅವತ್ತೇ ಅಕ್ಕ. ಮರೀನ ಕಟ್ಟಾಕೋಕೆ ಹೋದಾಗ ನನ್ಗೂ ಹಲ್ಲು ತಾಗ್ತು. ನನ್ಗೂ ಅದೇ ರಸ ಕುಡಿಸಿದ್ರು."

ಅನಿತ ಫೋನನ್ನು ಬ್ಯಾಗಿಗೆ ಹಾಕಿದಳು.

"ಈಗ್ಲೇ ಆಸ್ಪತ್ರೆಗೆ ನಡೀರಿ. ಇನ್ನೂ ಏನೂ ಆಗಿಲ್ಲ ಅಂದ್ರೆ ಟೈಮ್ ಇದೆ ಅಂತ. ಹುಚ್ಚುನಾಯಿ ರೋಗ ಒಂದ್ಸಲ ಶುರುವಾದ್ರೆ ಯಾರ ಕೈಲೂ ಆಗಲ್ಲ. ನನ್ನ ಗಾಡಿ ಇದೆ, ನಾನೇ ಕರ್ಕೊಂಡು ಹೋಗ್ತೀನಿ."

"ಅವಳಿಗೇನೂ ಆಗಿಲ್ಲ. ಮೂರು ತಿಂಗಳು ಕಳೀತು," ಎಂದು ಪೆದ್ದಪ್ಪ ಬಾಗಿಲಿಗೆ ಅಡ್ಡ ಬಂದ. "ಅವಳೀಗ ಸೂಜಿ ಹಾಕಿಸ್ಕೊಂಡ್ರೆ ಊರಿಗೆಲ್ಲ ಗೊತ್ತಾಗುತ್ತೆ. ನಂದೀಶನ್ನೂ ನಾಯೀನೇ ತಗೊಂಡೋಯ್ತು ಅಂತಾರೆ. ಆಸ್ಪತ್ರೆಗೆ ಹೋಗೋನ್ನ ಅಪ್ಪನೇ ತಡೆದ ಅಂತಾರೆ. ಆಮೇಲೆ ನಾನು ಯಾರ ಮುಖ ನೋಡ್ಲಿ?"

ಆದಿಲಕ್ಷ್ಮಿ ನಿಧಾನವಾಗಿ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮಾವ, ಕೊನೇ ದಿನ ಅವರನ್ನ ನಿಮ್ಮ ಪಂಚೇಲಿ ಮಂಚಕ್ಕೆ ಕಟ್ಟಿದ್ರಲ್ಲ. ನಾನು ಕಾಲು ಹಿಡ್ಕೊಂಡಿದ್ದೆ. ನನ್ನ ಕಟ್ಟೋವಾಗ ಕಾಲು ಯಾರು ಹಿಡ್ಕೋತಾರೆ?"

ಪೆದ್ದಪ್ಪ ಸೊಸೆಯನ್ನೇ ನೋಡುತ್ತ ನಿಂತ. ಆಮೇಲೆ ಗೂಟದ ಮೇಲಿದ್ದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು, ಅವರಿಗಿಂತ ಮೊದಲು ತಾನೇ ಹೊರಗೆ ಇಳಿದ.

ಆದಿಲಕ್ಷ್ಮಿ ಅನಿತಳ ಸ್ಕೂಟರಿನಲ್ಲಿ ಬಂದಳು; ಪೆದ್ದಪ್ಪ ಬಸ್ಸು ಹಿಡಿದು ಹಿಂದಿನಿಂದ ಬಂದ. ಆಸ್ಪತ್ರೆಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವನು. ಎಲ್ಲ ಕೇಳಿ, ಗುರುತು ನೋಡಿ, ಕೈಯಲ್ಲಿ ಉರಿ ಇದೆಯಾ, ಜುಮ್ಮೆನ್ನುತ್ತದೆಯಾ ಎಂದು ಮತ್ತೆ ಮತ್ತೆ ಕೇಳಿದ. ಇಲ್ಲ ಎಂದಳು. ಅವನು ಸಮಾಧಾನದ ಉಸಿರು ಬಿಟ್ಟ.

"ತುಂಬ ತಡ ಆಗಿದೆ. ಆದ್ರೂ ಹಾಕ್ಲೇಬೇಕು. ನಾಲ್ಕೈದು ಸಲ ಬರ್ಬೇಕು, ತಪ್ಪಿಸಂಗಿಲ್ಲ," ಎಂದು ಪೆದ್ದಪ್ಪನ ಕಡೆ ತಿರುಗಿದ. "ಪುಕ್ಕಟೆ ಹಾಕ್ತೀವಲ್ರೀ ಇಲ್ಲಿ. ನಿಮ್ಮ ಮಗನ್ನ ಅವತ್ತೇ ಕರ್ಕೊಂಡು ಬಂದಿದ್ರೆ..." ಎದುರಿನ ಮುಖ ಕಂಡು ಅವನು ಮಾತು ಮುಗಿಸಲಿಲ್ಲ. ಪೆದ್ದಪ್ಪ ತಲೆಯಾಡಿಸಿ ಹೊರಗೆ ಹೋದ.

ಆದಿಲಕ್ಷ್ಮಿಯನ್ನು ಒಳಗೆ ಕರೆದರು. ಅನಿತ ಪಡಸಾಲೆಯಲ್ಲಿ ನಿಂತು, ಅರ್ಧಕ್ಕೆ ಬಿಟ್ಟಿದ್ದ ಪ್ರಶ್ನೆಗಳನ್ನು ತೆರೆದಳು. ಪೆದ್ದಪ್ಪ ಯಾವಾಗ ಪಕ್ಕಕ್ಕೆ ಬಂದನೋ ಗೊತ್ತಾಗಲಿಲ್ಲ.

"ನಾಯಿದು ಏನು ಒತ್ತಿದ್ರಿ?"

ಅವಳು ತಡೆದು ಹೇಳಿದಳು, "ಕಚ್ಚಿತ್ತು ಅಂತ."

ಅವನು ಜಗಳವಾಡಲಿಲ್ಲ. "ಒತ್ತಮ್ಮಾ," ಎಂದು ಗೇಟಿನ ಕಡೆ ನಡೆದ.

ಮುಂದೆ ಉಳಿದ ಸೂಜಿಗಳಿಗೂ ಆದಿಲಕ್ಷ್ಮಿ ತಪ್ಪದೆ ಬಂದಳು. ಮಳೆಗಾಲ ಕಳೆಯುವವರೆಗೂ ಎದ್ದ ಕೂಡಲೆ ಮಣಿಕಟ್ಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅವಳು ಉಳಿದಳು. ಆದರೆ ಅವತ್ತು, ಆ ಮೊದಲ ದಿನ, ಅದು ಯಾರಿಗೂ ಗೊತ್ತಿರಲಿಲ್ಲ. ತೋಳಿಗೆ ಹತ್ತಿ ಒತ್ತಿಕೊಂಡು ಅವಳು ಗೇಟಿನ ಹೊರಗೆ ಬಂದಾಗ, ಬಸ್ಸಿಗೆ ಕಾಯುವವರ ನಡುವೆ ಪೆದ್ದಪ್ಪ ನಿಂತಿದ್ದ.

"ತುಂಬ ನೋವಾಯ್ತೇನಮ್ಮಾ?"

"ಇಲ್ಲ ಮಾವ. ಇರುವೆ ಕಚ್ಚಿದಂಗೆ."

"ಅಷ್ಟೇನಾ?"

"ಅಷ್ಟೇ."

ಪೆದ್ದಪ್ಪ ಅಲ್ಲೇ ಮೋರಿಯ ಕಲ್ಲಿನ ಮೇಲೆ ಕುಕ್ಕರಿಸಿದ. ಬಸ್ಸು ಬಂತು. ಜನ ನುಗ್ಗಿದರು. ಕಂಡಕ್ಟರು ಊರಿನ ಹೆಸರು ಕೂಗಿ ಕೂಗಿ, ಅವನ ಕಡೆ ಒಮ್ಮೆ ನೋಡಿ, ಸೀಟಿ ಊದಿದ. ಆದಿಲಕ್ಷ್ಮಿ ಬಸ್ಸನ್ನು ಹೋಗಲು ಬಿಟ್ಟು ಮಾವನ ಪಕ್ಕದಲ್ಲಿ ಕೂತಳು. ಟೊಮೊಟೊ ತುಂಬಿದ ಲಾರಿಯೊಂದು ಧೂಳೆಬ್ಬಿಸುತ್ತ ಮಾರ್ಕೆಟ್ಟಿನ ಕಡೆ ಹೋಯಿತು.